ಕಲ್ಲಿಗೆ ನೀರು ತಂದ ಡಾಕ್ಟರಮ್ಮ

ಮೊನ್ನೆ ಬಿಸಿಲು ಚೆನ್ನಾಗಿತ್ತೆಂದು ನಮ್ಮವರ ಹಳೆಯ ಉಳಿಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬರಿದು ಮಾಡಿದೆ. ಮೊಂಡಾದ ಉಳಿಗಳು, ಹಿಡಿ ಸೀಳಿದ ಸುತ್ತಿಗೆಗಳು, ತುಕ್ಕು ಹಿಡಿದ ಒಂದು ಅರ... ಎಲ್ಲದರ ಅಡಿಯಲ್ಲಿ ಕೆಂಪು ಪೆನ್ಸಿಲಿನ ಒಂದು ಚೂರು. ಬೆರಳಲ್ಲಿ ಹಿಡಿದು ಬರೆಯಲಾರದಷ್ಟು ಗಿಡ್ಡ. ಮೂಗಿಗೆ ಹಿಡಿದೆ. ಮೇಣದ ವಾಸನೆ ಇನ್ನೂ ಇತ್ತು. ಅದೇ ಹೊತ್ತಿಗೆ ಮನೆಯ ಹಿಂದಿನ ಕೆಲಸದ ಕೊಟ್ಟಿಗೆಯಲ್ಲಿ ಮಗ ಕಲ್ಲು ಕೊಯ್ಯುವ ಯಂತ್ರ ಚಾಲೂ ಮಾಡಿದ. ನೀರು ಬಿದ್ದ ಕಲ್ಲಿನ ವಾಸನೆ ಅಂಗಳದವರೆಗೆ ಬಂತು. ಎರಡು ವಾಸನೆ ಒಟ್ಟು ಸೇರಿದ್ದೇ ತಡ, ಡಾಕ್ಟರಮ್ಮ ಬಂದು ನನ್ನೆದುರು ನಿಂತ ಹಾಗಾಯಿತು. ದಪ್ಪ ದೇಹ, ಕೈಮಗ್ಗದ ಸೀರೆ, ಕಂಕುಳಲ್ಲಿ ಕೊಡೆ, ಬಾಯಿ ತುಂಬ ಮಾತು.

ಈ ಪೆನ್ಸಿಲು ಅವರು ಕೊಟ್ಟದ್ದು. ನನ್ನ ಗಂಡ ಎಪ್ಪತ್ತು ದಾಟಿಯೂ ಮಗನ ಕೆಲಸದಲ್ಲಿ ತಪ್ಪು ಹುಡುಕುತ್ತ ಕೊಟ್ಟಿಗೆ ತುಂಬ ಓಡಾಡುತ್ತಿದ್ದಾರೆಂದರೆ ಅದರಲ್ಲಿ ಈ ಪೆನ್ಸಿಲಿನದ್ದೂ ಒಂದು ಪಾಲಿದೆ. ನಗಬೇಡಿ, ಪೂರ್ತಿ ಕೇಳಿ.

ನನ್ನ ತವರು ಕಾಪು. ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದರು. ಅಂಥ ಮನೆಯ ಮಕ್ಕಳಿಗೆ ಮೊದಲು ಕಲಿಸುವುದು ಉಸಿರು ಬಿಗಿ ಹಿಡಿಯುವುದನ್ನು. ಅಪ್ಪ ಅರದಿಂದ ಉಜ್ಜುವಾಗ ಹತ್ತಿರ ಸೀನುವಂತಿಲ್ಲ, ನಗುವಂತಿಲ್ಲ, ಬೀಸಣಿಗೆ ಬೀಸಿದರಂತೂ ಮುಗಿಯಿತು. ಹಾರಿದ ಹುಡಿ ಚಿನ್ನದ್ದಲ್ಲವೇ! ಅದನ್ನೆಲ್ಲ ಮೆತ್ತನೆಯ ಕುಂಚದಿಂದ ಗುಡಿಸಿ ತಟ್ಟೆಗೆ ತುಂಬಿಡುತ್ತಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಕಾರ್ಕಳಕ್ಕೆ ಬಂದೆ. ಇದು ಕಲ್ಲಿನ ಕೆಲಸದವರ ಮನೆ, ದೇವರ ಮೂರ್ತಿ ಕೆತ್ತುವವರು. ಇಲ್ಲಿ ನೋಡಿದರೆ ಎಲ್ಲ ತಿರುಗಾಮುರುಗ. ಉಳಿ ಇಟ್ಟು ನಾಲ್ಕು ಪೆಟ್ಟು ಹಾಕುವುದು, ಬಗ್ಗಿ ಕಲ್ಲಿಗೆ ತುಟಿ ತಾಗುವಷ್ಟು ಹತ್ತಿರ ಹೋಗಿ ಫೂ ಎಂದು ಊದುವುದು. ಹುಡಿ ಅವರ ಮುಖಕ್ಕೇ ಹಾರುತ್ತಿತ್ತು. ರೆಪ್ಪೆ, ಮೀಸೆ, ಮೂಗಿನ ಹೊಳ್ಳೆ ಎಲ್ಲ ಬೂದಿ ಬಣ್ಣ. ಸಂಜೆ ಕೊಟ್ಟಿಗೆಯಿಂದ ಹೊರಗೆ ಬರುವ ಗಂಡಸರಲ್ಲಿ ನನ್ನ ಗಂಡ ಯಾರೆಂದು ಮೊದಮೊದಲು ಗುರುತೇ ಸಿಗುತ್ತಿರಲಿಲ್ಲ. ಕೊಟ್ಟಿಗೆಯ ವಾಸನೆಯೂ ಆಗ ಬೇರೆ. ಒಣಕಲ್ಲಿಗೆ ಕಬ್ಬಿಣ ಬಡಿದು ಬಡಿದು, ಪಟಾಕಿ ಸುಟ್ಟ ಜಾಗದ ವಾಸನೆ.

"ಕುಂಚದಲ್ಲಿ ಗುಡಿಸಬಾರದಾ?" ಎಂದು ಒಮ್ಮೆ ಇವರನ್ನು ಕೇಳಿದೆ. ಇವರು ಬಾಗಿಲ ಕಡೆ ನೋಡಿ, ಮಾವ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದರು: "ಕುಂಚ ಬಣ್ಣದವರಿಗೆ. ನಾವು ಊದುವುದೇ. ಮೂರ್ತಿಗೆ ಉಸಿರು ಕೊಡುವುದು ಅಂತ ಲೆಕ್ಕ."

ಅದು ನಮ್ಮ ಕೊಟ್ಟಿಗೆಯ ಪದ್ಧತಿ. ಬೇರೆ ಕಡೆ ಹೇಗಿತ್ತೋ ನನಗೆ ತಿಳಿಯದು. ಕೊಟ್ಟಿಗೆಗೆ ನನ್ನ ಮಾವನೇ ಹಿರಿಯ ಶಿಲ್ಪಿ, ಅವರ ಮಾತೇ ಶಾಸ್ತ್ರ. ದೇವರನ್ನು ಕೆತ್ತುವವನು ತನ್ನ ಉಸಿರಿನಲ್ಲಿ ಒಂದು ಪಾಲನ್ನು ಅದಕ್ಕೆ ಕೊಡಬೇಕು, ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲ, ಕಲ್ಲಿನವರು ಮುದುಕರಾಗುವ ಮೊದಲೇ ಏದುಸಿರು ಬಿಡುವುದು ಅದಕ್ಕೇ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ಇನ್ನೊಂದು ಪದ್ಧತಿ ನೀರಿನದ್ದು. ಪ್ರತಿಷ್ಠೆಗೆ ಮೊದಲು ಮೂರ್ತಿಯನ್ನು ನೀರಿನಲ್ಲಿ ಮುಳುಗಿಸಿಡುವ ಜಲಾಧಿವಾಸ ಎಂಬ ವಿಧಿಯಿದೆಯಲ್ಲ, ಅದಕ್ಕಿಂತ ಮುಂಚೆ ಕೆತ್ತುವ ಕಲ್ಲಿಗೆ ಹನಿ ನೀರು ಮುಟ್ಟಿಸಕೂಡದು. ಅಗೆದು ತೆಗೆಯುವ ಮೊದಲು ಆ ಕಲ್ಲು ಕೋರೆಯಲ್ಲಿ ಮಳೆಗೆ ತೊಯ್ದದ್ದು ಲೆಕ್ಕಕ್ಕಿಲ್ಲವೇ ಎಂದು ಕೇಳಲು ನನಗೆ ನಾಲಿಗೆ ತುರಿಸುತ್ತಿತ್ತು. ಹೊಸ ಸೊಸೆ, ಕೇಳಲಿಲ್ಲ.

ಮಾವನ ತಮ್ಮ, ನನಗೆ ಚಿಕ್ಕಮಾವ. ನಾನು ಈ ಮನೆಗೆ ಬರುವಾಗಲೇ ಅವರು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಊರೆಲ್ಲ ಅದನ್ನು ಕ್ಷಯವೆಂದೇ ತಿಳಿದಿತ್ತು, ನಾವೂ ಹಾಗೇ ತಿಳಿದಿದ್ದೆವು. ಕೊನೆಗೆ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಪರೀಕ್ಷೆಗೆಂದು ಶ್ವಾಸಕೋಶದ ಒಂದು ಸಣ್ಣ ಚೂರು ತೆಗೆದರು. ಆದರೆ ಅಷ್ಟರಲ್ಲಿ ಕಾಯಿಲೆ ಮಿತಿಮೀರಿತ್ತು, ಅವರು ಉಳಿಯಲಿಲ್ಲ. ಮಾವ ಅಳಲಿಲ್ಲ. "ಅವನ ಉಸಿರೆಲ್ಲ ದೇವರಿಗೆ ಸಂದಿತು" ಎಂದರು. ಮಾವನನ್ನು ಕುಸಿಯದ ಹಾಗೆ ಹಿಡಿದು ನಿಲ್ಲಿಸಿದ್ದು ಆ ಒಂದೇ ಮಾತು ಎಂದು ನನಗೆ ತಿಳಿಯಲು ತುಂಬ ಕಾಲ ಹಿಡಿಯಿತು.

ಅದರ ಮರುವರ್ಷ ನಮ್ಮವರಿಗೆ ಕೆಮ್ಮು ಶುರುವಾಯಿತು.

ಇಲ್ಲಿ ಗೊಮ್ಮಟ ಬೆಟ್ಟದ ಮಾತು ಹೇಳಬೇಕು. ಮದುವೆಯ ಹೊಸತರಲ್ಲಿ ಇವರು ನನ್ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಕಡಲ ಮಟ್ಟದಲ್ಲಿ ಬೆಳೆದ ಹೆಣ್ಣು ಬಂಡೆಯ ಮೆಟ್ಟಿಲು ಹತ್ತಲು ಪರದಾಡುವುದನ್ನು ನೋಡಿ ನಕ್ಕು, ನನ್ನನ್ನು ಅರ್ಧದಲ್ಲೇ ಬಿಟ್ಟು ಮೇಲಕ್ಕೆ ಓಡಿ, ತುದಿಯಿಂದ "ಕೂ..." ಎಂದು ಕೂಗು ಹಾಕಿದ್ದರು. ಗದ್ದೆಯ ಈಚೆಯಿಂದ ಆಚೆಗೆ ಕರೆಯುವಂಥ ಕೂಗು. ಕೆಳಗೆ ಕಡಲೆ ಮಾರುತ್ತಿದ್ದವರೂ ತಲೆಯೆತ್ತಿ ನೋಡಿದರು. ನನಗೆ ನಾಚಿಕೆಯಾಗಿ, ಖುಷಿಯೂ ಆಗಿ... ಕೆಮ್ಮು ಶುರುವಾದ ವರ್ಷ ಮತ್ತೆ ಹೋದೆವು. ಆಗ ಅರ್ಧದಲ್ಲಿ ಕುಳಿತವರು ಇವರು. "ಸ್ವಲ್ಪ ನಿಲ್ಲು" ಎಂದರು. ಮುಂದೆ ಹತ್ತಲೂ ಇಲ್ಲ, ಕೂಗಲೂ ಇಲ್ಲ. ನಾನು ಏನೂ ಆಗದವಳ ಹಾಗೆ ಕಡಲೆ ತಿನ್ನುತ್ತ ಕುಳಿತೆ. ಕಣ್ಣೆದುರು ಗೋಡೆಗೆ ಒರಗಿದ ಚಿಕ್ಕಮಾವ.

ಇವರಿಗಾಗ ಮೂವತ್ತೂ ತುಂಬಿರಲಿಲ್ಲ. ಪೆರ್ಡೂರಿನಿಂದಾಚೆಯ ಒಂದು ಗ್ರಾಮದವರು ದುರ್ಗೆಯ ಮೂರ್ತಿಗೆ ಹೇಳಿಹೋಗಿದ್ದರು, ಮಾವ ಅದನ್ನು ಪೂರ್ತಿಯಾಗಿ ಇವರ ಕೈಗೆ ಬಿಟ್ಟಿದ್ದರು. ಇವರದ್ದೇ ಎನ್ನಬಹುದಾದ ಮೊದಲ ದೊಡ್ಡ ಮೂರ್ತಿ ಅದು. ಕೆಲಸ ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ಬಿಡಬೇಡಿ ಎನ್ನಲು ಧೈರ್ಯವಿರಲಿಲ್ಲ.

ಡಾಕ್ಟರಮ್ಮ ಬಂದದ್ದು ಆ ದಿನಗಳಲ್ಲಿ. ಮಧ್ಯಾಹ್ನದ ಬಸ್ಸಿನಿಂದ ಇಳಿದು, ಕೊಡೆ ಹಿಡಿದು ನೇರ ಕೊಟ್ಟಿಗೆಗೇ ಬಂದರು. ಮೂರ್ತಿ ಮಾಡಿಸಲು ಬಂದವರೆಂದು ಮಾವ ಕುರ್ಚಿ ಹಾಕಿ, ಬೆಲ್ಲ ನೀರು ಕೊಡಿಸಿ, "ಯಾವ ದೇವರು?" ಎಂದು ಕೇಳಿದರು. "ದೇವರು ಬೇಡ ಆಚಾರ್ರೆ, ನಿಮ್ಮ ಹುಡಿ ನೋಡಲಿಕ್ಕೆ ಬಂದೆ" ಎಂದರು ಅವರು. ಮಾವನ ಮುಖ ನೋಡಬೇಕಿತ್ತು.

ಅವರು ಮಣಿಪಾಲದಲ್ಲಿ ಪಾಠ ಮಾಡುವ ಡಾಕ್ಟರು. ಊರು ಉದ್ಯಾವರ, ಹಾಗಾಗಿ ಮಾತು ನಮ್ಮದೇ. ರೋಗಿಗಳ ಕೈ ಹಿಡಿದು ನಾಡಿ ನೋಡುವ ಕೆಲಸ ಅವರದ್ದಲ್ಲವಂತೆ. ರೋಗಿಯ ದೇಹದಿಂದ ತೆಗೆದ ಚೂರನ್ನು ಗಾಜಿನ ಪಟ್ಟಿಯ ಮೇಲೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. "ನಾನು ಮನುಷ್ಯರನ್ನು ನೋಡುವುದು ಗಾಜಿನ ಮೇಲೆ ಮಾತ್ರ" ಎಂದು ನಗುತ್ತಿದ್ದರು. ಚಿಕ್ಕಮಾವನ ಚೂರು ಬಂದದ್ದು ಅವರ ಮೇಜಿಗೆ. ಅದರಲ್ಲಿ ಕಂಡದ್ದು ಅವರನ್ನು ಸುಮ್ಮನಿರಲು ಬಿಡಲಿಲ್ಲ. ಇಂಥ ಎದೆ ಯಾವ ಕೊಟ್ಟಿಗೆಯಿಂದ ಬಂತು, ಅಲ್ಲಿ ಇನ್ನೆಷ್ಟು ಜನ ಕೆಮ್ಮುತ್ತಿದ್ದಾರೆ ಎಂದು ನೋಡಲು ಯಾರೂ ಹೇಳದೆ, ಯಾರೂ ಕಳಿಸದೆ ಬಸ್ಸು ಹತ್ತಿದ್ದರು.

ಕೊಟ್ಟಿಗೆಯವರನ್ನೆಲ್ಲ ಒಂದು ದಿನ ಮಣಿಪಾಲಕ್ಕೆ ಕರೆಸಿ ಎದೆಯ ಎಕ್ಸ್‌ರೇ ತೆಗೆಸಿದರು. ಇವರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನನ್ನನ್ನೇ ಹತ್ತಿರ ಕರೆದು ತೋರಿಸಿದರು. ಎದೆಯ ಮೇಲ್ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಇದು ಕ್ಷಯವಲ್ಲ, ಕಲ್ಲಿನ ಹುಡಿ ಕೂತು ಆದದ್ದು ಎಂದರು.

"ಇದಕ್ಕೆ ಔಷಧಿ?" ಎಂದೆ.

"ಇಲ್ಲ. ಔಷಧಿ ಇದ್ದಿದ್ದರೆ ನಾನು ಬಿಸಿಲಲ್ಲಿ ನಿಮ್ಮಲ್ಲಿಗೆ ಯಾಕೆ ಬರ್ತಿದ್ದೆ ಮಾರಾಯ್ತಿ? ಇದ್ದ ಚುಕ್ಕೆ ಹೋಗುವುದಿಲ್ಲ. ಹೆಚ್ಚಾಗದ ಹಾಗೆ ನೋಡಿಕೊಳ್ಳಬೇಕು. ಒಂದೋ ಕಲ್ಲು ಬಿಡಬೇಕು, ಇಲ್ಲದಿದ್ದರೆ ಹುಡಿ ಬಿಡಬೇಕು."

ಕಲ್ಲು ಬಿಡುವುದಿಲ್ಲ ಎಂದು ಇವರು ಅಲ್ಲೇ ಹೇಳಿದರು. ಉಳಿದದ್ದು ಹುಡಿ.

ಡಾಕ್ಟರಮ್ಮ ಮೊದಲು ಮಾಡಿದ್ದು ನಾಲ್ಕು ಪದರದ ಬಟ್ಟೆಯ ಮುಸುಕುಗಳನ್ನು ಹೊಲಿಸಿ ತಂದದ್ದು. ಮೂಗು ಬಾಯಿಗೆ ಕಟ್ಟಿಕೊಳ್ಳಬೇಕು. ನಮ್ಮ ಗಂಡಸರು ಭಕ್ತಿಯಿಂದ ತೆಗೆದುಕೊಂಡರು. ಒಬ್ಬರು ಕುತ್ತಿಗೆಗೆ ಇಳಿಸಿ ಬೆವರು ಒರೆಸಲು ಇಟ್ಟುಕೊಂಡರು. ಇನ್ನೊಬ್ಬರು ಎಲೆಯಡಿಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದರು. ಮುಂದಿನ ಸಲ ಬಂದಾಗ ಇದನ್ನು ಕಂಡು ಡಾಕ್ಟರಮ್ಮ ಬಯ್ಯಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಮಣೆ ಹಾಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬರೀ ನೋಡುತ್ತ ಕುಳಿತರು. ಸಂಜೆ ಹೊತ್ತಿಗೆ ಅವರ ಮುಖವೂ ಬೂದಿ, ಕನ್ನಡಕವೂ ಬೂದಿ.

"ಎಲ್ಲರೂ ಊದುವುದೆಂತಕ್ಕೆ?" ಎಂದು ಕೇಳಿದರು. "ಬಾಯಿಗೆ ಬಟ್ಟೆ ಕಟ್ಟಿದರೆ ಊದುವುದು ಹೇಗೆ? ನಾನೇ ಪೆದ್ದಿ, ಮೊದಲು ನೋಡಬೇಕಿತ್ತು."

ಮಾವ ಉಸಿರು ಕೊಡುವ ಪದ್ಧತಿಯನ್ನು ವಿವರಿಸಿದರು. ಡಾಕ್ಟರಮ್ಮ ಗಂಭೀರವಾಗಿ ಕೇಳಿ, ಹಾಗಾದರೆ ಕಲ್ಲಿಗೆ ನೀರು ಹಾಕಿ ಕೆತ್ತಬಹುದಲ್ಲ, ಹುಡಿಯೇ ಏಳದಿದ್ದರೆ ಊದಬೇಕಾಗಿಯೇ ಇಲ್ಲ ಎಂದರು. ಮಾವ ಜಲಾಧಿವಾಸದ ನಿಯಮ ತೆಗೆದರು. ಆಗ ಡಾಕ್ಟರಮ್ಮ, "ಕೋರೆಯಲ್ಲಿ ಮಳೆ ಬರುವುದಿಲ್ವಾ ಆಚಾರ್ರೆ?" ಎಂದುಬಿಟ್ಟರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮಾವ ಎದ್ದು ಒಳಗೆ ಹೋದರು.

ಡಾಕ್ಟರಮ್ಮ ಬಿಡುವವರಲ್ಲ. ಉಡುಪಿಯಲ್ಲಿ ತಮಗೆ ಗುರುತಿದ್ದ ವಯಸ್ಸಾದ ತಂತ್ರಿಯೊಬ್ಬರನ್ನು ಹುಡುಕಿಕೊಂಡು ಹೋಗಿ, ಕೆತ್ತುವ ಕಲ್ಲಿಗೆ ನೀರು ತಾಗಿದರೆ ದೋಷವುಂಟೇ ಎಂದು ಕೇಳಿದರು. ಅಂಥದ್ದನ್ನು ತಾನು ಎಲ್ಲೂ ಓದಿಲ್ಲವೆಂದು ತಂತ್ರಿಗಳು ಹೇಳಿದರಂತೆ. ಗೆದ್ದೆನೆಂದು ಓಡಿಬಂದು ಹೇಳಿದರೆ ಮಾವ ತಣ್ಣಗೆ, "ತಂತ್ರಿಗಳು ಉಳಿ ಹಿಡಿದವರೋ?" ಎಂದರು. ಆ ದಿನ ಡಾಕ್ಟರಮ್ಮ ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕುಕ್ಕರಿಸಿದರು. ನಾನು ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆಯುತ್ತಿದ್ದೆ.

"ನಿನ್ನ ಮಾವ ಹಟಮಾರಿ ಅಲ್ಲ" ಎಂದರು, ನನಗೆ ಆಶ್ಚರ್ಯವಾಗುವ ಹಾಗೆ. "ಹುಡಿಯಿಂದ ಅಂತ ಒಪ್ಪಿದರೆ ತಮ್ಮ ಸುಮ್ಮನೆ ಸತ್ತ ಅಂತ ಆಗ್ತದೆ. ಅದನ್ನು ಒಪ್ಪುವುದು ಹೇಗೆ ಪಾಪ."

ಅದು ನನಗೆ ಹೊಳೆದೇ ಇರಲಿಲ್ಲ. ಅದೇ ಮನೆಯಲ್ಲಿ ಇದ್ದವಳು ನಾನು, ಬಸ್ಸಿನಲ್ಲಿ ಬಂದು ಹೋಗುವವರಿಗೆ ಅದು ಕಂಡಿತ್ತು. ಬರೀ ಗಾಜಿನ ಮೇಲೆ ಮನುಷ್ಯರನ್ನು ನೋಡುವವರಂತೆ! ಆ ಮಾತನ್ನು ನಾನು ಆಮೇಲೆ ಎಂದೂ ನಂಬಲಿಲ್ಲ.

ಮುಂದಿನ ಭಾನುವಾರ ಅವರು ಮರದ ಪೆಟ್ಟಿಗೆಯೊಂದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ಒಳಗೆ ಸೂಕ್ಷ್ಮದರ್ಶಕ. ಚಾವಡಿಯಲ್ಲಿ ಬೆಳಕು ಬೀಳುವ ಕಡೆ ಸ್ಟೂಲಿಟ್ಟು, ಅದರ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿ ಕೂರಿಸಿದರು. "ಆಚಾರ್ರೆ, ಜಗಳ ಬೇಡ. ಒಮ್ಮೆ ನೋಡಿ, ಆಮೇಲೆ ನೀವು ಹೇಳಿದ ಹಾಗೆ" ಎಂದರು. ನೋಡುವುದೆಂದರೆ ಮಾವನಿಗೆ ಬೇಡ ಎನ್ನಲಾಗದು. ಕಣ್ಣೇ ಅವರ ಬದುಕಲ್ಲವೇ. ಬಗ್ಗಿದರು. ಡಾಕ್ಟರಮ್ಮ ಎರಡು ಕಪ್ಪು ಗಾಜಿನ ಬಿಲ್ಲೆಗಳನ್ನು ಅದಕ್ಕೆ ಸಿಕ್ಕಿಸಿ ಒಂದನ್ನು ಮೆಲ್ಲನೆ ತಿರುಗಿಸಿದರು.

"ಕತ್ತಲಾಯಿತು" ಎಂದರು ಮಾವ. ಸ್ವಲ್ಪ ತಡೆದು, "ಅಲ್ಲಲ್ಲಿ ಏನೋ ಮಿನುಗ್ತದೆ."

"ಅದು ಕಲ್ಲಿನ ಹುಡಿ. ಕಲ್ಲಿನ ಹರಳುಗಳು ಮಾತ್ರ ಹಾಗೆ ಮಿನುಗುವುದು. ಈಗ ಬೆಳಕು ಮಾಡ್ತೇನೆ, ಆ ಹುಡಿ ಎಲ್ಲಿ ಉಂಟು ನೋಡಿ."

ಆಮೇಲೆ ಹೇಳಿದ್ದು ನನಗೆ ಇಂದಿಗೂ ಬಾಯಿಪಾಠ. ಮೊಮ್ಮಕ್ಕಳಿಗೂ ಹೇಳಿದ್ದೇನೆ. "ನಮ್ಮ ಎದೆಯೊಳಗೆ ಕಸ ತೆಗೆಯುವವರು ಇದ್ದಾರೆ ಆಚಾರ್ರೆ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳು. ಹುಡಿ ಬರಲಿ, ರೋಗಾಣು ಬರಲಿ, ಓಡಿಬಂದು ನುಂಗುವುದು ಅವರ ಕೆಲಸ. ರೋಗಾಣುವನ್ನು ಜೀರ್ಣ ಮಾಡ್ತಾರೆ. ಕಲ್ಲನ್ನು ಹೇಗೆ ಜೀರ್ಣ ಮಾಡುವುದು? ಹೊಟ್ಟೆ ಒಡೆದು ಸಾಯ್ತಾರೆ. ಸುಮ್ಮನೆ ಸಾಯುವುದಿಲ್ಲ, ಇಲ್ಲಿ ಪೆಟ್ಟಾಗಿದೆ ಬನ್ನಿ ಅಂತ ಬೊಬ್ಬೆ ಹಾಕಿ ಸಾಯ್ತಾರೆ. ಬೊಬ್ಬೆ ಕೇಳಿ ಇನ್ನೊಬ್ಬ ಬರ್ತಾನೆ, ಅದೇ ಕಲ್ಲನ್ನು ಅವನೂ ನುಂಗ್ತಾನೆ. ಅವರ ಹಿಂದೆಯೇ ಗಾಯ ಹೊಲಿಯುವವರು ಬಂದು ಹೊಲಿದು ಹೋಗ್ತಾರೆ. ಉಳಿ ತಾಗಿದರೆ ಕೈಯಲ್ಲಿ ಗಾಯದ ಗುರುತು ಗಟ್ಟಿಯಾಗಿ ಉಳಿಯುತ್ತದಲ್ಲ, ಹಾಗೆಯೇ. ಕೈಯಲ್ಲಾದರೆ ತೊಂದರೆ ಇಲ್ಲ. ಎದೆ ತುಂಬ ಹಾಗೆ ಗಟ್ಟಿಯಾದರೆ ಗಾಳಿಗೆ ಜಾಗ ಎಲ್ಲಿ?"

ಮಾವ ಕಣ್ಣು ತೆಗೆಯಲಿಲ್ಲ. ಹಾಗೆ ಗಟ್ಟಿಯಾಗಿ ಕಟ್ಟಿದ್ದ ಗಂಟನ್ನು ಗಾಜಿನಲ್ಲಿ ಆಮೇಲೆ ನಾನೂ ನೋಡಿದೆ. ಅಡ್ಡ ಕೊಯ್ದ ನೀರುಳ್ಳಿಯ ಹಾಗೆ ಸುತ್ತು ಸುತ್ತು ಪದರ.

"ಹಾಗಾದರೆ ಕಲ್ಲಿನದ್ದು ತಪ್ಪಿಲ್ಲ" ಎಂದರು ಮಾವ.

"ಕಲ್ಲು ಎಂತ ಮಾಡ್ತದೆ ಪಾಪ, ಬಿದ್ದಲ್ಲಿ ಬಿದ್ದಿರ್ತದೆ. ಗಾಯ ಮಾಡುವುದು ನಮ್ಮ ಒಳಗಿನವರೇ. ನಮ್ಮನ್ನು ಉಳಿಸಬೇಕು ಅಂತಲೇ ಮಾಡುವುದು. ಸೋಲು ಒಪ್ಪಲಿಕ್ಕೆ ಅವರಿಗೆ ಗೊತ್ತಿಲ್ಲ."

ಹುಡಿ ನುಂಗುವ ಆ ಕೋಶಕ್ಕೆ ಮ್ಯಾಕ್ರೊಫೇಜ್ ಎಂಬ ಹೆಸರು ಹೇಳಿದರು. ಮಾವನ ಬಾಯಲ್ಲಿ ಅದು ಅಂದೇ ಮಾಕ್ರಣ್ಣ ಆಯಿತು, ಕೊನೆಯವರೆಗೂ ಮಾಕ್ರಣ್ಣನೇ. ಆದರೆ ಆ ಹೊತ್ತು ಯಾರೂ ನಗಲಿಲ್ಲ. ಮಾವ ತಲೆಯೆತ್ತಿ, "ಇದು ಯಾರ ಎದೆ?" ಎಂದು ಕೇಳಿದರು.

ಡಾಕ್ಟರಮ್ಮ ಬೇರೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. "ನಿಮ್ಮ ತಮ್ಮನದ್ದು. ತೋರಿಸಬೇಕೋ ಬೇಡವೋ ಅಂತ ಬಸ್ಸಿನಲ್ಲಿ ಉದ್ದಕ್ಕೂ ಯೋಚನೆ ಮಾಡಿದೆ" ಎಂದರು.

ಮಾವ ಮತ್ತೆ ಬಗ್ಗಿ, ಈ ಸಲ ತುಂಬ ಹೊತ್ತು ನೋಡಿದರು. ಆ ಗಾಜಿನ ಅಂಚನ್ನು ಬೆರಳಿನಿಂದ ಮೆಲ್ಲನೆ ಸವರಿದರು. ಆಮೇಲೆ ಕೇಳಿದರು: "ಹಾಗಾದರೆ... ಅವನು ಕೊಟ್ಟ ಉಸಿರು ದೇವರಿಗೆ ಸೇರಲಿಲ್ವಾ?"

"ಸೇರಿದೆ ಆಚಾರ್ರೆ" ಎಂದರು ಡಾಕ್ಟರಮ್ಮ. "ಅವರು ಕೆತ್ತಿದ ಕ್ಷೇತ್ರಪಾಲನನ್ನು ನಾನು ನಿನ್ನೆ ಹೋಗಿ ನೋಡಿ ಬಂದೆ. ಅದರಲ್ಲಿ ಸೇರಿದೆ. ಇದರಲ್ಲಿ ಅಲ್ಲ. ಇದನ್ನು ದೇವರು ಕೇಳಿಯೇ ಇರಲಿಲ್ಲ."

ತಮ್ಮ ಸತ್ತಾಗ ಅಳದ ಮಾವ ಅಂದು ಚಾವಡಿಯ ಕಂಬ ಹಿಡಿದುಕೊಂಡು ಅತ್ತರು. ಡಾಕ್ಟರಮ್ಮ ಎದ್ದು ಹೋಗಿ ಅಂಗಳದಲ್ಲಿ ದಾಸವಾಳದ ಗಿಡ ನೋಡುತ್ತ ನಿಂತರು.

ಅತ್ತು ಮುಗಿದ ಮೇಲೆ ಮಾವ ಮುಖ ತೊಳೆದು ಬಂದರು. ಈಗ ಅವರು ಬರೀ ಶಿಲ್ಪಿ. ನೀರು ಹಾಕಬಹುದು, ಆದರೆ ಕೆತ್ತುವ ಮೊದಲು ಕಲ್ಲಿನ ಮೇಲೆ ಕೆಮ್ಮಣ್ಣಿನಲ್ಲಿ ಗೆರೆ ಎಳೆಯುತ್ತೇವೆ, ಅದು ತೊಳೆದುಹೋದರೆ ಅಳತೆ ಎಲ್ಲಿ ಎಂದು ಕೇಳಿದರು. ಸರಿಯಾದ ಪ್ರಶ್ನೆ. ಎಲ್ಲರೂ ಸಪ್ಪಗಾದೆವು. ಡಾಕ್ಟರಮ್ಮ ಮಾತ್ರ ತಮ್ಮ ಕೈಚೀಲಕ್ಕೆ ಕೈ ಹಾಕಿದರು. ಬಾಚಣಿಗೆ, ಬಸ್ಸಿನ ಟಿಕೆಟು, ಪೆಪ್ಪರಮಿಂಟು ಎಲ್ಲ ಹೊರಗೆ ಬಂದ ಮೇಲೆ ಬಂದದ್ದು ಈ ಕೆಂಪು ಪೆನ್ಸಿಲು. ಗಾಜಿನ ಪಟ್ಟಿಗಳ ಮೇಲೆ ಗುರುತು ಬರೆಯುವ ಮೇಣದ ಪೆನ್ಸಿಲಂತೆ. ಬರೆದು ಬರೆದು ಬೇಸರ ಬಂದು ಚೀಲದಲ್ಲೇ ಬಿಟ್ಟುಕೊಂಡಿದ್ದರು. ಕರಿಕಲ್ಲಿನ ತುಂಡೊಂದರ ಮೇಲೆ ಮಾವ ಗೆರೆ ಎಳೆದರು. ನಾನು ಒಳಗಿನಿಂದ ಕೊಡಪಾನ ತಂದು ಸುರಿದೆ. ಗೆರೆ ಅಳಿಯಲಿಲ್ಲ. ಇನ್ನೊಂದು ಕೊಡಪಾನ ಸುರಿದೆ. ಅಳಿಯಲಿಲ್ಲ! ಕೊಟ್ಟಿಗೆಯ ಗಂಡಸರೆಲ್ಲ ಸುತ್ತ ನಿಂತು, ಕೋಳಿ ಅಂಕದಲ್ಲಿ ಗೆದ್ದವರ ಹಾಗೆ ಬೊಬ್ಬೆ ಹಾಕಿದರು.

ಉಳಿದದ್ದೆಲ್ಲ ಆಮೇಲೆ ಓಡಿತು. ಶಿವಲಿಂಗದ ಮೇಲೆ ಧಾರಾಪಾತ್ರೆ ತೂಗುವ ಹಾಗೆ, ತಳಕ್ಕೆ ತೂತು ಕೊರೆದ ಮಡಕೆಯನ್ನು ನಮ್ಮವರು ಜಂತಿಯಿಂದ ಇಳಿಬಿಟ್ಟರು. ಹನಿ ಹನಿಯಾಗಿ ನೀರು ಉಳಿಯ ಬಾಯಿಗೇ ಬೀಳಬೇಕು. ಪಡುಗಾಳಿ ಬರಲೆಂದು ಆ ಕಡೆಯ ತೆಂಗಿನ ಮಡಲಿನ ತಟ್ಟಿ ಬಿಚ್ಚಿದರು. ಗುಡಿಸಲು ಕುಂಚ ಬೇಕೆಂದಾಗ ನಾನು ತವರಿಗೆ ಹೇಳಿಕಳಿಸಿ ಅಪ್ಪನ ಹಳೆಯ ಕುಂಚಗಳನ್ನು ತರಿಸಿದೆ. ಚಿನ್ನ ಗುಡಿಸಿದ ಕುಂಚ ಒದ್ದೆ ಕಲ್ಲು ಗುಡಿಸಿತು. ಉಸಿರಿನ ಪದ್ಧತಿಗೆ ಏನು ಮಾಡುವುದು? ಅದಕ್ಕೆ ಮಾವನೇ ದಾರಿ ಹೇಳಿದರು. "ಕಣ್ಣು ಬಿಡಿಸಿದ ಮೇಲೆ, ಮುಖ ತೊಳೆದು, ಒಮ್ಮೆ ಉಸಿರು ಕೊಟ್ಟರೆ ಸಾಕು. ದಿನಾ ಕೊಡಲಿಕ್ಕೆ ಅದೆಂತ ಹಾಲಾ?"

ದುರ್ಗೆಯ ಕಣ್ಣು ಬಿಡಿಸಿದ ದಿನ ಡಾಕ್ಟರಮ್ಮ ಬಂದಿದ್ದರು. ಒದ್ದೆ ಮುಖದ ದೇವಿ, ಕಪ್ಪಗೆ ಹೊಳೆಯುತ್ತಿದ್ದಳು. ಇವರು ಹತ್ತಿರ ಹೋಗಿ, ಹನಿ ನೀರು ನಿಂತಿದ್ದ ಆ ತುಟಿಯ ಬಳಿ ಒಂದೇ ಒಂದು ಸಲ ಮೆಲ್ಲನೆ ಉಸಿರು ಬಿಟ್ಟರು. ಹುಡಿ ಏಳಲಿಲ್ಲ. ಮಾವ ಕೈಮುಗಿದರು. ಯಾರಿಗೆಂದು ಕೇಳಬೇಡಿ, ದೇವಿಯೂ ಡಾಕ್ಟರಮ್ಮನೂ ಆಗ ಒಂದೇ ದಿಕ್ಕಿನಲ್ಲಿ ನಿಂತಿದ್ದರು.

ಇಷ್ಟಕ್ಕೇ ಗೆದ್ದೆವೆನ್ನುವ ಹಾಗಿರಲಿಲ್ಲ. ಡಾಕ್ಟರಮ್ಮ ಸುಳ್ಳು ಧೈರ್ಯ ಹೇಳುವವರಲ್ಲ. ಹೊಸ ಹುಡಿ ನಿಂತರೂ ಒಳಗೆ ಮೊದಲೇ ಇರುವ ಹುಡಿಯ ಜೊತೆ ಮಾಕ್ರಣ್ಣನ ಕುಸ್ತಿ ನಡೆಯುತ್ತಲೇ ಇರಬಹುದು, ಗಂಟುಗಳು ಬೆಳೆಯಲೂಬಹುದು ಎಂದು ನನಗೆ ಹೇಳಿಬಿಟ್ಟಿದ್ದರು. ವರ್ಷಕ್ಕೊಮ್ಮೆ ಎಕ್ಸ್‌ರೇ. ಆ ದಿನ ಹತ್ತಿರವಾದ ಹಾಗೆ ನನಗೆ ಊಟ ಸೇರುತ್ತಿರಲಿಲ್ಲ. ಇವರು ಒಮ್ಮೆ ಕೆಮ್ಮಿದರೆ ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತುಬಿಡುತ್ತಿದ್ದೆ, ಎರಡನೆಯ ಕೆಮ್ಮು ಬರುತ್ತದೋ ಎಂದು. "ಮಾಕ್ರಣ್ಣನಿಗೆ ಇವತ್ತು ರಜೆ" ಎಂದು ಇವರು ಒಳಗೆ ಬಂದು ತಮಾಷೆ ಮಾಡುತ್ತಿದ್ದರು. ನನ್ನ ಹೆದರಿಕೆ ಅವರಿಗೆ ಗೊತ್ತಿತ್ತು.

ಎಂಬತ್ತರ ದಶಕವೂ ಅರ್ಧ ದಾಟಿದ ಮೇಲೆ ಒಂದು ದಿನ ಡಾಕ್ಟರಮ್ಮ ಇವರ ಮೊದಲ ಎಕ್ಸ್‌ರೇಯನ್ನೂ ಹೊಸದನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕ ಸಿಕ್ಕಿಸಿದರು. ಎದೆಯ ಡಾಕ್ಟರರನ್ನೂ ಕರೆಸಿದ್ದರು. ಇಬ್ಬರೂ ಕನ್ನಡಕ ಹಾಕಿ, ತೆಗೆದು, ಬೆರಳಿಟ್ಟು ನೋಡಿದರು. ಸಾಸಿವೆ ಚೆಲ್ಲಿದ್ದು ಚೆಲ್ಲಿದಷ್ಟೇ ಇತ್ತು. ಒಂದು ಕಾಳು ಹೆಚ್ಚಿಲ್ಲ. ಎದೆಯ ಡಾಕ್ಟರು ಸಮಾಧಾನದಿಂದ ತಲೆಯಾಡಿಸಿ ಹೊರಟುಹೋದರು. ನಮ್ಮ ಡಾಕ್ಟರಮ್ಮ? ಅಷ್ಟು ದೊಡ್ಡ ವಿದ್ಯಾವಂತೆ, ನನ್ನ ಎರಡೂ ಕೈ ಹಿಡಿದು ಕೋಣೆಯ ತುಂಬ ಒಂದು ಸುತ್ತು ಕುಣಿಸಿಬಿಟ್ಟರು. "ಗೆದ್ದೆವು ಮಾರಾಯ್ತಿ, ಗೆದ್ದೆವು!" ಹೊರಗಿನಿಂದ ಯಾರೋ ಇಣುಕಿ ನೋಡಿ ಹೋದರು.

"ನಾನು ಎಕ್ಸ್‌ರೇ ನಂಬುವುದಿಲ್ಲ" ಎಂದರು ನಮ್ಮವರು, ಕಣ್ಣು ಒರೆಸಿಕೊಂಡು. "ಬೆಟ್ಟ ಹತ್ತಿ ನೋಡಬೇಕು."

ಅದೇ ವಾರ ಮೂವರೂ ಗೊಮ್ಮಟ ಬೆಟ್ಟಕ್ಕೆ ಹೋದೆವು. ಇವರು ಮುಂದೆ. ಡಾಕ್ಟರಮ್ಮ ಅರ್ಧಕ್ಕೇ ಕುಸಿದು ಕುಳಿತು, ಕೊಡೆ ಬಿಚ್ಚಿಕೊಂಡು, "ಇನ್ನು ಎಕ್ಸ್‌ರೇ ನನ್ನದೇ ತೆಗೀಬೇಕು. ನೀವು ಹೋಗಿ. ಮೇಲಿನಿಂದ ಒಂದು ಕೂ ಹಾಕಿ, ಇಲ್ಲಿಗೆ ಕೇಳಿದರೆ ಪಾಸು" ಎಂದರು. ನಾನು ಅವರ ಪಕ್ಕದಲ್ಲಿ ಕುಳಿತೆ. ಇವರು ಓಡಲಿಲ್ಲ, ಆದರೆ ನಿಲ್ಲಲೂ ಇಲ್ಲ. ತಿರುವಿನಲ್ಲಿ ಮರೆಯಾದರು. ಕಾದೆವು. ಡಾಕ್ಟರಮ್ಮ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆದೀತೆಂದು ನನಗೆ ಭಯ. ಅಷ್ಟರಲ್ಲಿ ಬಂತು... "ಕೂ...!" ಉದ್ದಕ್ಕೆ, ಎಲ್ಲೂ ಬಿರುಕು ಬಿಡದೆ, ಮದುವೆಯ ಹೊಸತರಲ್ಲಿ ಹಾಕಿದ್ದಕ್ಕಿಂತಲೂ ಉದ್ದಕ್ಕೆ. ಡಾಕ್ಟರಮ್ಮ ಎದ್ದು ನಿಂತು, ಕೊಡೆ ಎತ್ತಿ, ಒಡೆದ ದನಿಯಲ್ಲಿ ಒಂದು ಕೂ ತಿರುಗಿ ಕೊಟ್ಟರು. ಮೆಟ್ಟಿಲಲ್ಲಿದ್ದ ಕಾಲೇಜಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನು ಅಳುತ್ತ ನಕ್ಕೆ.

ಸುತ್ತಲಿನ ಕೊಟ್ಟಿಗೆಗಳಿಗೂ ಮಡಕೆ, ಕುಂಚ, ಕೆಂಪು ಪೆನ್ಸಿಲು ಒಂದೊಂದಾಗಿ ಹೋದವು. ನಿಮ್ಮ ನೀರಿನ ಶಾಸ್ತ್ರ ಏನೆಂದು ಕೇಳಿ ಬಂದವರಿಗೆ ಮಾವನೇ ಕುಳಿತು ಮಾಕ್ರಣ್ಣನ ಕಥೆ ಹೇಳುತ್ತಿದ್ದರು, ತಾವೇ ಕಂಡುಹಿಡಿದವರ ಗತ್ತಿನಲ್ಲಿ. ಡಾಕ್ಟರಮ್ಮ ಪಕ್ಕದಲ್ಲಿದ್ದರೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆ ಕೊಟ್ಟಿಗೆಗಳಲ್ಲಿ ಕೆಲವರಿಗೆ ಮೊದಲೇ ತಡವಾಗಿಹೋಗಿತ್ತು, ಅವರನ್ನು ಕಳೆದುಕೊಂಡೆವು. ಆದರೆ ನೀರು ಬಂದ ಮೇಲೆ ನಮ್ಮ ಕೊಟ್ಟಿಗೆಯಲ್ಲಿ ಉಳಿ ಹಿಡಿದವರಲ್ಲಿ ಯಾರೂ ಗೋಡೆಗೆ ಒರಗಿ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ನನ್ನ ಮಗನ ಎದೆ ತಿಳಿನೀರಿನ ಹಾಗೆ ಸ್ವಚ್ಛ. ಎಂಥ ಗೆಲುವು ಇದು ಎಂದು ಒಮ್ಮೊಮ್ಮೆ ಬೀದಿಯಲ್ಲಿ ನಿಂತು ಕೂಗಿ ಹೇಳೋಣವೆನಿಸುತ್ತದೆ.

ಡಾಕ್ಟರಮ್ಮ ಕೆಲಸದಿಂದ ನಿವೃತ್ತರಾಗಿ ಉದ್ಯಾವರದ ಮನೆಗೆ ಹೋದರು. ಮೊದಲು ಆಗಾಗ ಬರುತ್ತಿದ್ದರು, ಮತ್ತೆ ಫೋನು, ಆಮೇಲೆ ಅದೂ ಅಪರೂಪ... ಹೋದ ವರ್ಷ ಪತ್ರಿಕೆಯ ಮೂಲೆಯಲ್ಲಿ, ನಿಧನ ವಾರ್ತೆಗಳ ನಡುವೆ, ಅವರ ಸಣ್ಣ ಫೋಟೊ ಕಂಡಿತು. ಅದು ಅವರ ಮುಖವೇ ಅಲ್ಲವೆನಿಸಿತು, ಬಾಯಿ ಮುಚ್ಚಿತ್ತು. ಇವರು ಪತ್ರಿಕೆ ಮಡಚಿಟ್ಟು ಕೊಟ್ಟಿಗೆಗೆ ಹೋದರು. ಆ ದಿನ ಯಾರ ಕೆಲಸದಲ್ಲೂ ತಪ್ಪು ಹುಡುಕಲಿಲ್ಲ.

ಪೆನ್ಸಿಲಿನ ಚೂರನ್ನು ಮೊನ್ನೆ ಇವರ ಅಂಗೈಗೆ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ಅಂಗಿಯ ಕಿಸೆಗೆ ಹಾಕಿಕೊಂಡು, "ನಡಿ, ಬೆಟ್ಟಕ್ಕೆ ಹೋಗಿ ಬರುವ" ಎಂದರು. ಮೆಟ್ಟಿಲು ಹತ್ತಲು ನನ್ನ ಮೊಣಕಾಲು ಈಗ ಕೇಳುವುದಿಲ್ಲ, ಕೆಳಗೇ ಕುಳಿತೆ. ಇವರು ನಿಧಾನವಾಗಿ ಹತ್ತಿದರು, ಅಲ್ಲಲ್ಲಿ ನಿಂತು, ಆದರೆ ಹತ್ತಿದರು. ತುಂಬ ಹೊತ್ತಾದ ಮೇಲೆ ತುದಿಯಿಂದ "ಕೂ..." ಎಂದು ಕೇಳಿಬಂತು. ಮುದುಕನ ಕೂಗು, ಆದರೂ ಕೆಳಗಿನವರೆಗೆ ಸಲೀಸಾಗಿ ಬಂತು. ಅರ್ಧ ಮೆಟ್ಟಿಲಿನಿಂದ ಬರಬೇಕಾದ ಉತ್ತರಕ್ಕೆ ಇವರು ಮೇಲೆ, ನಾನು ಕೆಳಗೆ, ಇಬ್ಬರೂ ಕಾದೆವು. ಬರಲಿಲ್ಲ. ಆಗ ನಾನೇ ಎದ್ದು ನಿಂತು, ಬಿಸಿಲಿಗೆಂದು ತಂದಿದ್ದ ಕೊಡೆ ಎತ್ತಿ, ಎದೆ ತುಂಬ ಗಾಳಿ ಎಳೆದುಕೊಂಡು ಡಾಕ್ಟರಮ್ಮನ ಪರವಾಗಿ ಕೂ ಎಂದೆ.